ಒಂದೇ ತಂತಿಗೆ ಎರಡು ಕಾರ್ಡು

ದಾವಣಗೆರೆಯಲ್ಲಿ ಕಣ್ಣಿಲ್ಲದವರು ಎದುರಾದರೆ ಜನ ಮೊದಲು ಮಾಡುವುದು ಒಂದೇ ಕೆಲಸ. ಮುಖದ ಮುಂದೆ ಬೆರಳು ಹಿಡಿದು, ‘ಇವು ಎಷ್ಟು ಹೇಳು ನೋಡಾಣ’ ಅನ್ನುತ್ತಾರೆ. ನಮ್ಮ ಸಣ್ಣಣ್ಣನಿಗೆ ಇದನ್ನು ಮಾಡದ ನೆಂಟರಿಲ್ಲ, ಗಿರಾಕಿಯಿಲ್ಲ. ಒಬ್ಬ ವಕೀಲರಂತೂ ತಮ್ಮ ಅರ್ಜಿಯನ್ನು ಅವನ ಕೈಲೇ ಟೈಪು ಮಾಡಿಸಿಕೊಂಡು, ತಪ್ಪಿಲ್ಲವೆಂದು ಓದಿ ನೋಡಿ, ಆಮೇಲೆ ಬೆರಳು ಹಿಡಿದರು. ಅವನು, ‘ದೇವ್ರು ನಿಮಗೆ ಎಷ್ಟು ಕೊಟ್ಟಾನೋ ಅಷ್ಟು ಸರ್’ ಅಂದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅಲ್ಲೇ ನಿಂತಿದ್ದೆ, ನನಗೆ ನಗು ಬರಲಿಲ್ಲ. ಇವನಿಗೆ ಕಣ್ಣಿಲ್ಲ ಸರಿ, ಇವರಿಗೆ ಬೇರೆ ಕೆಲಸವಿಲ್ಲವೇ ಅಂತ ಮೈ ಉರಿಯಿತು.

ನಾವು ಮೂವರು ಮಕ್ಕಳು. ದೊಡ್ಡಣ್ಣ, ಸಣ್ಣಣ್ಣ, ಕೊನೆಗೆ ನಾನು. ಅಪ್ಪನಿಗೆ ಮಂಡಿಪೇಟೆಯಲ್ಲಿ ಕಾಳಿನ ಮಂಡಿ. ಅಪ್ಪ ಅವ್ವನಿಗೆ ಸ್ವಂತ ಸೋದರಮಾವ. ನಮ್ಮ ಕಡೆ ಇದು ಹೊಸದಲ್ಲ, ಹೆಣ್ಣು ಹೊರಗೆ ಹೋಗಬಾರದು ಅಂತ ಮಾವನಿಗೇ ಕೊಟ್ಟು ಮುಗಿಸುತ್ತಾರೆ. ಸಣ್ಣಣ್ಣ ಹೈಸ್ಕೂಲಿನಲ್ಲಿದ್ದಾಗ ಸಂಜೆಯಾದ ಮೇಲೆ ಕಾಣುವುದಿಲ್ಲ ಅನ್ನತೊಡಗಿದ. ಆಮೇಲೆ ಹಗಲಲ್ಲೂ ಅಕ್ಕಪಕ್ಕದ್ದು ಕಾಣದಾಯಿತು. ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದಷ್ಟೇ ಉಳಿದು, ಕಾಲೇಜು ಮುಗಿಯುವ ಹೊತ್ತಿಗೆ ಅದೂ ಹೋಯಿತು. ಕಣ್ಣಿನ ಡಾಕ್ಟರು ಅವ್ವನ ಮುಖ ನೋಡಿ, ‘ಒಳಗೊಳಗೇ ಮದುವೆ ಆದ್ರೆ ಹಿಂಗೇ ಆಗೋದು’ ಅಂದರಂತೆ. ಪಕ್ಕದಲ್ಲೇ ಅಪ್ಪನೂ ಕುಳಿತಿದ್ದ. ಅವನ ಮುಖ ನೋಡಿ ಹೇಳಲಿಲ್ಲ. ಅವ್ವ ಆ ಮಾತನ್ನು ಆಸ್ಪತ್ರೆಯಿಂದ ಹೊತ್ತುಕೊಂಡು ಬಂದವಳು ಮತ್ತೆ ಇಳಿಸಲೇ ಇಲ್ಲ. ಅಮಾವಾಸ್ಯೆ ಬಂದರೆ ಅವನನ್ನು ಉಕ್ಕಡಗಾತ್ರಿಯ ಗದ್ದುಗೆಗೆ ಕರೆದುಕೊಂಡು ಹೋಗಿ, ಹೊಳೆಯಲ್ಲಿ ಮುಳುಗಿಸಿ, ಒದ್ದೆ ಮೈಯಲ್ಲೇ ಬಸ್ಸು ಹತ್ತಿಸಿ ತರುತ್ತಿದ್ದಳು. ಅವನಿಗೆ ನೆಗಡಿ ಬಂತು, ಕಣ್ಣು ಬರಲಿಲ್ಲ.

ಪೂರ್ತಿ ಕತ್ತಲಾಗುವ ಮುಂಚೆಯೇ ಸಣ್ಣಣ್ಣ ಟೈಪಿಂಗ್ ಕಲಿತಿದ್ದ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಪರೀಕ್ಷೆ ಪಾಸು. ಆಗಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೀಲಿ ನೋಡಿಕೊಂಡು ಹೊಡೆದರೆ ಬೆರಳಿನ ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಕಣ್ಣಿದ್ದವರೂ ಕಣ್ಣಿಲ್ಲದವರ ಹಾಗೆ ಕಲಿಯಬೇಕಾದ ಕಸುಬು ಅದೊಂದೇ ಇರಬೇಕು. ಅದನ್ನು ನೋಡಿ ಅಪ್ಪ ಕೋರ್ಟಿನ ಎದುರು ಒಂದು ಮಳಿಗೆ ಹಿಡಿದು ಟೈಪಿಂಗ್, ಝೆರಾಕ್ಸ್, ಫ್ಯಾಕ್ಸಿನ ಅಂಗಡಿ ಹಾಕಿಕೊಟ್ಟ. ಬೆಳಿಗ್ಗೆ ಸಣ್ಣಣ್ಣನ ಜೊತೆ ಅವ್ವ ಹೋಗುತ್ತಿದ್ದಳು. ವಕೀಲರು ಗೀಚಿಕೊಟ್ಟ ಡ್ರಾಫ್ಟನ್ನು ಅವಳು ಓದುವುದು, ಇವನು ಹೊಡೆಯುವುದು. ಅವ್ವ ಓದಿದ್ದು ಏಳನೇ ಇಯತ್ತೆ. ಆದರೆ ‘ಮೇಲ್ಕಂಡ ವಾದಿಯು’ ಅಂತ ಶುರು ಮಾಡಿದರೆ ಹಳೇ ಗುಮಾಸ್ತರೂ ತಿರುಗಿ ನೋಡುತ್ತಿದ್ದರು.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ, ಇನ್ನು ಇವನ ಕತೆ ಮುಗಿಯಿತು ಅಂತ ನೆಂಟರೆಲ್ಲ ಖುಷಿಯಾಗಿ ಮರುಗಿದರು. ಮುಗಿಯಲಿಲ್ಲ. ಬೆಂಗಳೂರಿನಲ್ಲಿ ಕಣ್ಣಿಲ್ಲದವರಿಗಾಗಿಯೇ ಇರುವ ಸಂಸ್ಥೆಯೊಂದರಿಂದ ಅವನು ಒಂದು ಸಿ.ಡಿ. ತರಿಸಿದ. ಅದನ್ನು ಹಾಕಿದ ಮೇಲೆ ಕಂಪ್ಯೂಟರು ತನ್ನ ಪರದೆಯ ಮೇಲಿರುವುದನ್ನು ಬಾಯಿಬಿಟ್ಟು ಹೇಳತೊಡಗಿತು. ಕನ್ನಡ ಅದಕ್ಕೆ ಬರುತ್ತಿರಲಿಲ್ಲ. ಯಾವ ಫೈಲು ತೆರೆದಿದೆ, ಸೇವ್ ಆಯಿತೋ ಇಲ್ಲವೋ, ಪ್ರಿಂಟರಿನಲ್ಲಿ ಹಾಳೆ ಇದೆಯೋ ಮುಗಿದಿದೆಯೋ ಇಂಥವನ್ನು ಇಂಗ್ಲಿಷಿನಲ್ಲಿ, ಮೂಗಿನಲ್ಲಿ ಹೇಳುತ್ತಿತ್ತು. ಅವನಿಗೆ ಅಷ್ಟು ಸಾಕಾಗಿತ್ತು. ಅಕ್ಷರ ಹೇಗೂ ಬೆರಳಲ್ಲಿದ್ದವು. ಆ ದನಿ ಹೊರಡುವುದು ಪೆಟ್ಟಿಗೆಯೊಳಗಿನ ಸೌಂಡ್ ಕಾರ್ಡಿನಿಂದ. ನಮ್ಮ ಮನೆಯಲ್ಲಿ ಅದಕ್ಕೆ ದನಿ ಕಾರ್ಡು ಅಂತಲೇ ಹೆಸರಾಯಿತು.

ಮೊದಮೊದಲು ಒಂದು ಕಾಟವಿತ್ತು. ಫ್ಯಾಕ್ಸು ಬರಲಿ ಅಂತ ಅದೇ ಪೆಟ್ಟಿಗೆಗೆ ಮೋಡೆಮ್ ಅನ್ನುವ ಇನ್ನೊಂದು ಕಾರ್ಡು ಹಾಕಿಸಿ, ಅಂಗಡಿಯ ಫೋನಿನ ತಂತಿಯನ್ನು ಅದಕ್ಕೆ ಸಿಕ್ಕಿಸಿದ್ದರು. ಫೋನು ರಿಂಗಾದರೆ ಸಾಕು, ದನಿ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹೇಳುತ್ತಿದ್ದ ಮಾತಿನ ಒಂದು ತುಣುಕನ್ನೇ ಹಿಡಿದು ತೊದಲುತ್ತ ಇಡೀ ಕಂಪ್ಯೂಟರು ಕಲ್ಲಾಗುತ್ತಿತ್ತು. ಆಫ್ ಮಾಡಿ ಮತ್ತೆ ಹಚ್ಚಬೇಕು, ಹೊಡೆದದ್ದೆಲ್ಲ ಹೋಗಿರುತ್ತಿತ್ತು. ಅಷ್ಟೊತ್ತಿಗೆ ನನ್ನನ್ನು ಹರಿಹರಕ್ಕೆ ಕೊಟ್ಟಿದ್ದರು. ಅಲ್ಲಿ ನನ್ನ ಗಂಡನಿಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದ. ಬಾಯಲ್ಲಿ ಗುಟ್ಕಾ, ಮಾತಲ್ಲಿ ಜಂಬ. ಅವನನ್ನು ನಾನೇ ಬಸ್ಸಿನಲ್ಲಿ ಕೂರಿಸಿಕೊಂಡು ದಾವಣಗೆರೆಗೆ ಕರೆತಂದೆ. ದೊಡ್ಡಣ್ಣ ಮಂಡಿಯಲ್ಲಿದ್ದ. ಅಂಗಡಿಯಲ್ಲಿ ಸಣ್ಣಣ್ಣ, ಅವ್ವ, ನಾನು.

ಮೆಕ್ಯಾನಿಕ್ ಮುಚ್ಚಳ ಬಿಚ್ಚಿ, ಎದುರಿಗೇ ಕುಳಿತಿದ್ದ ಸಣ್ಣಣ್ಣನನ್ನು ಬಿಟ್ಟು ನನಗೆ ಹೇಳಿದ: ‘ನಿಮ್ಮಣ್ಣಂಗೆ ಹೇಳ್ರಿ. ಒಳಗೆ ಪ್ರೊಸೆಸರ್ ಅಂತ ಒಬ್ನೇ ಸಾಹುಕಾರ ಅದಾನೆ. ಕೀಬೋರ್ಡು, ಡಿಸ್ಕು, ಕಾರ್ಡು, ಯಾರಿಗೆ ಕೆಲ್ಸ ಬಿದ್ರೂ ಅವನ್ನ ತಡೆದು ನಿಲ್ಲಿಸಿ ಕೇಳ್ಬೇಕು. ಹಂಗೆ ತಡೆಯಾಕಿರೋ ತಂತಿಗೆ ಐಆರ್‌ಕ್ಯೂ ಅಂತಾರೆ. ಇರೋವು ಹದಿನಾರೇ. ಅದ್ರಾಗೆ ಅರ್ಧಕ್ಕೆ ಅರ್ಧ ಮೊದ್ಲೇ ಒಬ್ಬೊಬ್ರು ಒಂದೊಂದು ಹಿಡ್ಕಂಡು ಕುಂತಾರೆ. ಅದಕ್ಕೆ ಕಾರ್ಡು ಕೂರ್ಸೋ ಈ ಕೆಳಗಿನ ಎರಡು ಸ್ಲಾಟಿಗೆ ಸೇರಿ ಒಂದೇ ತಂತಿ ಕೊಟ್ಟಾರೆ. ನಿಮ್ಮ ದನಿ ಕಾರ್ಡು, ಮೋಡೆಮ್ಮು ಎರಡೂ ಅಲ್ಲೇ ಮಗ್ಗುಲು ಮಗ್ಗುಲಿಗೆ ಅದಾವೆ.’

‘ಒಂದೇ ತಂತಿ ಇದ್ರೆ ಏನಾತು?’ ಅಂತ ಕೇಳಿದವನು ಸಣ್ಣಣ್ಣ.

‘ಕಾರ್ಡು ಮರ್ಯಾದಸ್ತ ಆದ್ರೆ ಏನೂ ಆಗಲ್ಲ. ಸಾಹುಕಾರ ಬಂದು ಯಾರ್ದಪ್ಪಾ ಕೆಲ್ಸ ಅಂದಾಗ, ನಂದಲ್ಲ ಅವಂದು ಅಂತ ಬಿಟ್ಕೊಡ್ತೈತೆ. ಈ ಮೋಡೆಮ್ಮಿಗೆ ಆ ಬುದ್ಧಿ ಇಲ್ಲ. ಯಾರ್ದಿದ್ರೂ ನಂದೇ ಅಂತ ಹಿಡ್ಕಂಡು ಬಿಡ್ತೈತೆ.’ ಹೀಗಂದು ಅವನು ದನಿ ಕಾರ್ಡನ್ನು ಕಿತ್ತು ಮೇಲಿನಿಂದ ಎರಡನೇ ಸ್ಲಾಟಿಗೆ ಒತ್ತಿದ. ‘ಇನ್ನು ಇದು ಇಲ್ಲೇ ಇರ್ಬೇಕು. ಮೋಡೆಮ್ಮಿನ ಮಗ್ಗುಲಿಗೆ ಮತ್ತೆ ತರಬ್ಯಾಡ್ರಿ.’

ಸಣ್ಣಣ್ಣ ಕೈಯಾಡಿಸಿ ಜಾಗ ನೋಡಿಕೊಂಡ. ಅವ್ವ ಓದುತ್ತಿದ್ದ ಡ್ರಾಫ್ಟನ್ನು ಮಡಿಚಿಟ್ಟು, ಹತ್ತಿರ ಬಂದು ಅವಳೂ ನೋಡಿದಳು. ಆಮೇಲೆ ನನ್ನ ಮೊಬೈಲಿನಿಂದ ಅಂಗಡಿಗೆ ಫೋನು ಮಾಡಿ ನೋಡಿದೆವು. ಫೋನು ರಿಂಗಾದರೂ ದನಿ ನಿಲ್ಲಲಿಲ್ಲ. ವರ್ಷಗಟ್ಟಲೆ ಆ ಕಾಟ ಮತ್ತೆ ಬರಲಿಲ್ಲ, ನಾವು ಅದನ್ನು ಮರೆತೂಬಿಟ್ಟೆವು.

ಅಪ್ಪ ತೀರಿಕೊಂಡ. ವರ್ಷ ತುಂಬುವುದಕ್ಕೆ ಮುಂಚೆಯೇ ದೊಡ್ಡಣ್ಣ ಪಾಲಿನ ಮಾತು ತೆಗೆದ. ಮಂಡಿ ಅವನಿಗೆ ಅನ್ನುವುದರಲ್ಲಿ ಯಾರ ತಕರಾರೂ ಇರಲಿಲ್ಲ. ಅವನು ಕೋರ್ಟಿನ ಎದುರಿನ ಅಂಗಡಿಯೂ ತನಗೇ ಬೇಕು ಅಂದ. ‘ಕಣ್ಣಿಲ್ದವ ಏನು ಅಂಗಡಿ ನಡ್ಸಿಯಾನು? ಅಂಗಡಿನೂ ನಾನೇ ನೋಡ್ಕಂತೀನಿ, ಅವನ್ನೂ ನಾನೇ ನೋಡ್ಕಂತೀನಿ. ಮೂರು ಹೊತ್ತು ಊಟ, ಹಬ್ಬಕ್ಕೊಂದು ಜೊತೆ ಬಟ್ಟೆ. ಇನ್ನೇನು ಬೇಕು ಅವಂಗೆ?’

ಸಣ್ಣಣ್ಣ ಒಂದೇ ಮಾತು ಹೇಳಿದ: ‘ನಂಗೆ ಅಂಗಡಿ ಬೇಕು. ಊಟ ನಾನು ದುಡ್ಕಂಡು ಉಣ್ತೀನಿ.’ ಅಂಗಡಿಯ ಹಿಂದಿನ ಕೋಣೆಯಲ್ಲೇ ಬೇರೆ ಒಲೆ ಹೂಡುತ್ತೇನೆ ಅಂತಲೂ ಹೇಳಿದ. ಅವ್ವ ಅವನ ಕೈಗಳನ್ನೇ ನೋಡುತ್ತ ಕುಳಿತಳು. ಅಂಗಡಿ ಬಂದರೆ ಅವನು ತನ್ನ ಕಾಲ ಮೇಲೆ ನಿಂತ ಮನುಷ್ಯ, ಬರದಿದ್ದರೆ ಅಣ್ಣನ ಮನೆಯ ಪಡಸಾಲೆಯಲ್ಲಿ ಸಾಯುವ ತನಕ ಬಿದ್ದಿರಬೇಕಾದ ಗಂಟು. ಇದು ನಮಗೆಲ್ಲ ಗೊತ್ತಿತ್ತು.

ತೀರ್ಮಾನ ಮಾಡಬೇಕಾದವರು ಕೊಕ್ಕನೂರಿನಿಂದ ಬಂದ ದೊಡ್ಡಪ್ಪ. ಅಪ್ಪನ ಅಣ್ಣ, ಹೊಲಮನೆ ಇರುವ ಗಟ್ಟಿ ಕುಳ, ಮನೆತನದಲ್ಲಿ ಅವರ ಮಾತು ಮೀರಿದವರಿಲ್ಲ. ‘ವಿಜಯದಶಮಿ ದಿನ ಹಿರೇರು ಅಂಗಡಿಗೇ ಬರ್ತೀವಿ’ ಅಂದರು. ‘ನಾನು ಪಾಲಿನ ಕರಾರು ಹೇಳ್ತೀನಿ, ಅವನು ಒಬ್ನೇ ಕುಂತು ಟೈಪ್ ಮಾಡಿ, ಪ್ರಿಂಟ್ ತೆಗೆದು ನನ್ನ ಕೈಗೆ ಕೊಡ್ಲಿ. ಕೊಟ್ರೆ ಅಂಗಡಿ ಅವಂದು. ಅವ್ವ ಮಗ್ಗುಲಾಗೆ ಕೂಡಂಗಿಲ್ಲ.’ ಮಂಡಿ ಪಡೆಯುವ ದೊಡ್ಡಣ್ಣ ಹಿರಿಯರ ಮುಂದೆ ಒಂದು ಚೀಲ ತೂಗಿ ತೋರಿಸಲಿ ಅಂತ ಯಾರೂ ಹೇಳಲಿಲ್ಲ. ಅವನಿಗೆ ಕಣ್ಣಿದ್ದವಲ್ಲ, ಅಷ್ಟೇ ಸಾಕಿತ್ತು.

ಹಿಂದಿನ ದಿನ ಆಯುಧಪೂಜೆ. ನಮ್ಮ ಮನೆಯಲ್ಲಿ ಅವತ್ತು ತಕ್ಕಡಿ, ಬಟ್ಟು, ಸ್ಕೂಟರು, ರುಬ್ಬುವ ಮಶೀನು ಎಲ್ಲಕ್ಕೂ ಸ್ನಾನ. ಕಂಪ್ಯೂಟರಿಗೆ ನೀರು ಹಾಕುವ ಹಾಗಿಲ್ಲವಲ್ಲ, ಅದರ ಮುಚ್ಚಳ ಬಿಚ್ಚಿ, ಕಾರ್ಡುಗಳನ್ನು ಹೊರಗೆ ತೆಗೆದು, ಧೂಳು ಹೊಡೆದು, ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸುವುದು. ಪ್ರತಿ ವರ್ಷ ಇದನ್ನು ಸಣ್ಣಣ್ಣನೇ ಮಾಡುತ್ತಿದ್ದ. ಆ ವರ್ಷ ದೊಡ್ಡಣ್ಣ ಪೆಟ್ಟಿಗೆಯನ್ನು ಸ್ಕೂಟರಿನ ಮೇಲಿಟ್ಟುಕೊಂಡು ಮನೆಗೆ ತಂದ. ಸಣ್ಣಣ್ಣ ಎಣ್ಣೆನೀರು ಹಾಕಿಕೊಳ್ಳಲು ಬಚ್ಚಲಿಗೆ ಹೋಗಿದ್ದ ಹೊತ್ತಿನಲ್ಲಿ ಅಂಗಳದಲ್ಲಿ ತಾನೇ ಸ್ಕ್ರೂ ಬಿಚ್ಚಿದ. ಕಾರ್ಡುಗಳನ್ನು ಮೊರದಲ್ಲಿ ಹಪ್ಪಳದ ಹಾಗೆ ಹರವಿದ್ದರು. ಅವನು, ಅತ್ತಿಗೆ, ಅವ್ವ, ಮಕ್ಕಳು, ಎಲ್ಲರ ಕೈಯೂ ಅದರಲ್ಲಿ. ನಾನು ಬೆಳಿಗ್ಗೆ ಹರಿಹರದಿಂದ ಬಂದವಳು ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದೆ. ಸಣ್ಣಣ್ಣ ಮೈ ಒರೆಸಿಕೊಂಡು ಬರುವಷ್ಟರಲ್ಲಿ ಮುಚ್ಚಳ ಮುಚ್ಚಿ, ಮೂರೆಳೆ ವಿಭೂತಿ ಬಳಿದು, ಚೆಂಡುಹೂವಿನ ಸರ ಹಾಕಿಯಾಗಿತ್ತು. ಪೂಜೆ ಮಾಡಿದ್ದನ್ನು ಮರುದಿನ ಸಂಜೆ ಬನ್ನಿ ಕೊಡುವ ತನಕ ಬಿಚ್ಚಬಾರದು ಅನ್ನುವುದು ನಮ್ಮ ಮನೆಯ ಕಟ್ಟು. ದಶಮಿ ಬೆಳಿಗ್ಗೆ ಮುಟ್ಟಿ ಕೆಲಸ ಶುರು ಮಾಡಬಹುದು, ಬಿಚ್ಚಿದರೆ ಮಾತ್ರ ಆ ಕಸುಬು ಮನೆಗೆ ಆಗಿಬರುವುದಿಲ್ಲ ಅಂತ.

ದಶಮಿಯ ದಿನ ಅಂಗಡಿಯಲ್ಲಿ ವಕೀಲರು ಕೂರುವ ಬೆಂಚಿನ ಮೇಲೆ ದೊಡ್ಡಪ್ಪ, ಅವರ ಪಕ್ಕ ಇನ್ನಿಬ್ಬರು ಹಿರಿಯರು ಕುಳಿತರು. ದೊಡ್ಡಣ್ಣ ಗೋಡೆಗೆ ಒರಗಿ ಕೈಕಟ್ಟಿ ನಿಂತ. ನಾನು ಸಣ್ಣಣ್ಣನ ಕುರ್ಚಿಯ ಹಿಂದೆ ನಿಂತೆ. ಅವ್ವ ಮನೆಯಲ್ಲಿ ಅಡುಗೆಗೆ ಉಳಿದಿದ್ದಳು. ಕಂಪ್ಯೂಟರು ಅವತ್ತು ಎದ್ದೇಳಲು ಸತಾಯಿಸಿತು. ಏನೇನೋ ಗುರುಗುಟ್ಟಿ, ಒಮ್ಮೆ ತಾನೇ ಆಫ್ ಆಗಿ, ಮತ್ತೆ ಹತ್ತಿಕೊಂಡು, ಕೊನೆಗೆ ದನಿ ಬಂತು. ಸಣ್ಣಣ್ಣನ ಹೆಗಲು ಸ್ವಲ್ಪ ಕೆಳಗಿಳಿಯಿತು.

ದೊಡ್ಡಪ್ಪ ಹೇಳುತ್ತ ಹೋದರು, ಅವನು ಹೊಡೆಯುತ್ತ ಹೋದ. ‘ನಾವು ಒಡಹುಟ್ಟಿದವರು ಈ ದಿನ ಹಿರಿಯರ ಸಮಕ್ಷಮ ಸ್ವಸಂತೋಷದಿಂದ’ ಅನ್ನುವ ಸಾಲು ಅವರ ಬಾಯಿಂದ ಮುಗಿಯುವ ಮೊದಲೇ ಅವನ ಬೆರಳಿನಿಂದ ಮುಗಿದಿತ್ತು. ಬೆಂಚಿನ ಮೇಲಿದ್ದ ಒಬ್ಬರು ಮೆಲ್ಲಗೆ ಬಗ್ಗಿ ಅವನ ಮುಖದ ಮುಂದೆ ಎರಡು ಬೆರಳು ಆಡಿಸಿದರು. ನಾನು ನೋಡಿದ್ದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. ಪತ್ರ ಅರ್ಧ ದಾಟಿತ್ತು. ಆಗ ಫೋನು ರಿಂಗಾಯಿತು.

ಸೇವ್ ಅನ್ನಹೊರಟಿದ್ದ ದನಿ, ‘ಸೇ ಸೇ ಸೇ ಸೇ’ ಅಂತ ಅಲ್ಲೇ ಸಿಕ್ಕಿಕೊಂಡಿತು. ಬೆರಳು ಆಡಿಸಿದ ಹಿರಿಯರು, ‘ಮಶೀನಿಗೆ ಬಿಕ್ಕಳಿಕೆ ಬಂತಲ್ಲೋ, ನೀರು ಕುಡಸ್ರಿ’ ಅಂದರು. ಎಲ್ಲರೂ ನಕ್ಕರು. ದೊಡ್ಡಣ್ಣ ರಿಸೀವರ್ ಎತ್ತಿ ಕೇಳಿ ಇಟ್ಟ. ‘ಅವ್ವ. ಊಟಕ್ಕೆ ಎಷ್ಟು ಜನ ಬರ್ತೀರಿ ಅಂತಾಳೆ.’

ಸಣ್ಣಣ್ಣ ಆಫ್ ಮಾಡಿ ಮತ್ತೆ ಹಚ್ಚಿದ. ಹೊಡೆದದ್ದೆಲ್ಲ ಹೋಗಿತ್ತು. ದೊಡ್ಡಪ್ಪ ಮುಖ ಗಂಟುಹಾಕಿಕೊಂಡು ಮೊದಲಿನಿಂದ ಹೇಳಿದರು. ಈ ಸಲ ಅವನ ಬೆರಳು ಅವಸರಪಟ್ಟವು. ಮತ್ತೆ ಫೋನು, ಮತ್ತೆ ತೊದಲು. ದೊಡ್ಡಣ್ಣ ಎತ್ತಿ, ‘ಅವ್ವನೇ. ಪಾಯಸಕ್ಕೆ ಬೆಲ್ಲ ಕಮ್ಮಿ ಹಾಕ್ಲಾ ಅಂತೆ, ದೊಡ್ಡಪ್ಪಂಗೆ ಶುಗರ್ ಐತಲ್ಲ’ ಅಂದ. ದೊಡ್ಡಪ್ಪ, ‘ಹಾಕ್ಲಿ ಬಿಡು, ಹಬ್ಬ’ ಅಂದರು. ಆಮೇಲೆ ಸಣ್ಣಣ್ಣನಿಗೆ, ‘ಇನ್ನೊಂದ್ಸಲ ನೋಡ್ತೀನಿ, ಅಷ್ಟೇ’ ಅಂದರು.

ಮೂರನೇ ಸಲ ನಾಲ್ಕು ಸಾಲೂ ಆಗಿರಲಿಲ್ಲ. ಫೋನು ರಿಂಗಾದಾಗ ನನಗೆ ಹಳೆಯದು ನೆನಪಾಯಿತು. ‘ಕಾರ್ಡು ಜಾಗ ಬದ್ಲಾಗೈತೆ!’ ಅಂತ ಕೂಗಿದೆ. ‘ನಿನ್ನೆ ಬಿಚ್ಚಿದೋರು ಮೋಡೆಮ್ಮಿನ ಮಗ್ಗುಲಿಗೆ ಹಾಕ್ಯಾರೆ. ಬಿಚ್ಚಿ ನೋಡ್ರಿ, ಗೊತ್ತಾಗ್ತೈತೆ.’ ದೊಡ್ಡಣ್ಣನ ಮುಖ ನೋಡಿಕೊಂಡೇ ಹೇಳಿದೆ.

‘ಪೂಜೆ ಮಾಡಿದ್ದನ್ನ ಬಿಚ್ಚಾದು ಇಲ್ಲ’ ಅಂದರು ದೊಡ್ಡಪ್ಪ. ‘ಕೊಟ್ಟ ಹೆಣ್ಣುಮಗಳು ನೀನು, ಪಾಲಿನ ಮಾತಿನಾಗೆ ಬಾಯಿ ಹಾಕಬ್ಯಾಡ.’

ಅಷ್ಟರಲ್ಲಿ ಸಣ್ಣಣ್ಣ ಪೆಟ್ಟಿಗೆಯ ಹಿಂದೆ ಕೈ ಹಾಕಿದ್ದ. ಸ್ಪೀಕರಿನ ತಂತಿ ಹಿಡಿದು ಅದು ಹೊಕ್ಕ ತೂತಿನ ತನಕ ಹೋದ. ಅದರ ಪಕ್ಕದಲ್ಲೇ ಫೋನಿನ ತಂತಿ ಅವನ ಬೆರಳಿಗೆ ಸಿಕ್ಕಿತು. ಕೈ ಅಲ್ಲೇ ನಿಂತಿತು. ‘ಆ ಫೋನಿನ ತಂತಿ ಕಿತ್ತು ಬಿಸಾಕಣ್ಣಾ, ಅಷ್ಟೇ ಸಾಕು’ ಅಂದೆ. ಅದನ್ನು ಕೀಳಲು ಒಂದು ಚಿಟಿಕೆಯಷ್ಟು ಬಲ ಸಾಕಿತ್ತು, ಬಿಚ್ಚುವ ಮಾತೇ ಇರಲಿಲ್ಲ. ಅವನು ಕೀಳಲಿಲ್ಲ. ಕೈಯನ್ನು ನಿಧಾನವಾಗಿ ಹೊರಗೆ ತೆಗೆದು, ಪಂಚೆಗೆ ಒರೆಸಿಕೊಂಡು, ‘ಬ್ಯಾಡ ಬಿಡ್ರಿ. ನನ್ನ ಕೈಲಾಗಲ್ಲ’ ಅಂದ.

ಆ ನಾಲ್ಕು ಮಾತಿಗೆ ನಾನು ಅವನ ಮೇಲೆ ಎಷ್ಟು ವರ್ಷ ಸಿಟ್ಟು ಮಾಡಿಕೊಂಡೆನೋ ನನಗೇ ಗೊತ್ತಿಲ್ಲ. ಪಾಲಿನ ಪತ್ರವನ್ನು ಪಕ್ಕದ ಅಂಗಡಿಯಲ್ಲಿ ಟೈಪು ಮಾಡಿಸಿದರು. ಸಣ್ಣಣ್ಣ ತೋರಿಸಿದ ಕಡೆ ಸಹಿ ಹಾಕಿದ. ಎಲ್ಲರೂ ಮನೆಗೆ ಬಂದು ಪಾಯಸ ಉಂಡರು. ಸಂಜೆ ಅವನು ಸಂಪ್ರದಾಯದಂತೆ ದೊಡ್ಡಣ್ಣನ ಕೈಗೆ ಬನ್ನಿ ಎಲೆ ಕೊಟ್ಟು, ‘ಬಂಗಾರ ತಗಳಣ್ಣಾ’ ಅಂತ ಕಾಲು ಮುಟ್ಟಿದ. ದೊಡ್ಡಣ್ಣ ಅವನ ತಲೆ ಮೇಲೆ ಕೈಯಿಟ್ಟು, ‘ಬಂಗಾರದಂಗಿರೋಣಪ್ಪಾ’ ಅಂದ. ನಾನು ಯಾರಿಗೂ ಬನ್ನಿ ಕೊಡದೆ ಹರಿಹರದ ಬಸ್ಸು ಹತ್ತಿದೆ.

ಅಲ್ಲಿಂದ ಮುಂದೆ ಸಣ್ಣಣ್ಣನ ಬದುಕು ಹೇಳುವಂಥದ್ದಲ್ಲ, ಆದರೂ ಹೇಳುತ್ತೇನೆ. ಅಂಗಡಿಯಲ್ಲಿ ದೊಡ್ಡಣ್ಣ ಮೊಬೈಲು ಮಾರತೊಡಗಿದ. ಕಂಪ್ಯೂಟರು ಅಟ್ಟ ಹತ್ತಿ, ಅಲ್ಲಿಂದ ಗುಜರಿಗೆ ಹೋಯಿತು. ಅತ್ತಿಗೆ ಕೆಟ್ಟವಳೇನಲ್ಲ ಅಂತ ಜನ ಹೇಳುತ್ತಾರೆ. ನನಗೆ ಕಂಡದ್ದು ಬೇರೆ. ಮನೆಯ ಕುರ್ಚಿ, ಸ್ಟೂಲು, ಕೊಡಗಳನ್ನು ದಿನಕ್ಕೊಂದು ಕಡೆ ಇಡುವಳು. ಅವನು ಮುಗ್ಗರಿಸಿದರೆ, ‘ನೋಡ್ಕಂಡು ಹೋಗ್ಬಾರ್ದಾ’ ಅನ್ನುವಳು. ನೆಂಟರು ಬಂದರೆ ಅವನಿಗೆ ಒಳಗಿನ ಕೋಣೆ. ತಟ್ಟೆಯಲ್ಲಿ ಏನೇನು ಬಡಿಸಿದೆ ಅಂತ ಹೇಳುವವರಿಲ್ಲ, ಬೆರಳಿಂದ ಮುಟ್ಟಿ ನೋಡಿದರೆ ಮಕ್ಕಳು ‘ಈ’ ಅಂತ ಮುಖ ಹಿಂಡುವವು. ಅವ್ವ ಮಾತ್ರ ಪಕ್ಕದಲ್ಲಿ ಕುಳಿತು ‘ಇದು ಪಲ್ಯ, ಇದು ಉಪ್ಪಿನಕಾಯಿ’ ಅನ್ನುತ್ತಿದ್ದಳು. ಅವನು ಮಾತಿಲ್ಲದೆ ಉಂಡು ಎದ್ದು ಹೋಗುತ್ತಿದ್ದ.

ನಾನು ದೊಡ್ಡಣ್ಣನನ್ನು ಬಿಡಲಿಲ್ಲ. ಮದುವೆ, ಗೃಹಪ್ರವೇಶ, ಎಲ್ಲಿ ಸಿಕ್ಕರೂ ನಾಲ್ಕು ಜನರ ಮುಂದೆ, ‘ಕಾರ್ಡು ಬದ್ಲಾಯ್ಸಿ ತಮ್ಮನ ಬಾಯಿ ಕಟ್ಟಿದ ಮಹಾನುಭಾವ’ ಅಂತ ಪರಿಚಯ ಮಾಡಿಸಿದೆ. ಅವನ ಮನೆಗೆ ಹೋದರೆ ಅಲ್ಲಿಯ ನೀರು ಕುಡಿಯುತ್ತಿರಲಿಲ್ಲ, ಹರಿಹರದಿಂದ ಬಾಟಲಿಯಲ್ಲಿ ಒಯ್ಯುತ್ತಿದ್ದೆ. ಅವನು, ‘ನಂಗೇನೂ ಗೊತ್ತಿಲ್ಲ ಕಣೆ’ ಅನ್ನುವನು. ಕಳ್ಳ ಇನ್ನೇನು ಹೇಳಿಯಾನು ಅಂತ ನಾನು ಇನ್ನಷ್ಟು ಕೂಗಾಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಹಾಸಿಗೆ ಹಿಡಿದವಳನ್ನು ನೋಡಿಕೊಳ್ಳಲು ನಾನು ಹೋಗಿ ಉಳಿದೆ. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತ ಎಂದಿನಂತೆ ದೊಡ್ಡಣ್ಣನನ್ನು ಬೈಯುತ್ತಿದ್ದೆ. ಅವ್ವ ಕೇಳಿ ಕೇಳಿ ಬೇಸತ್ತವಳಂತೆ, ‘ಎಷ್ಟು ದಿನ ಅವನ್ನ ಬೈತೀಯೆ? ಅವಂಗೆ ಕಾರ್ಡು ಯಾವ್ದು, ಹಪ್ಪಳ ಯಾವ್ದು ಗೊತ್ತಿತ್ತೇನು? ಬದ್ಲಾಯ್ಸಿದ್ದು ನಾನು’ ಅಂದಳು.

ಬಾಚಣಿಗೆ ಅವಳ ಕೂದಲಲ್ಲೇ ನಿಂತಿತು. ‘ಮತ್ತೆ ಆ ಫೋನು?’ ಅಂದೆ.

‘ಅದಕ್ಕೇ ಮಾಡಿದ್ದು.’ ಅವಳ ದನಿಯಲ್ಲಿ ನಾಚಿಕೆಯಿರಲಿಲ್ಲ. ‘ಅವನು ಬ್ಯಾರೆ ಒಲೆ ಹೂಡ್ತೀನಿ ಅಂದ. ಎಣ್ಣೆ ಯಾವ್ದು ಸೀಮೆಎಣ್ಣೆ ಯಾವ್ದು ಕಾಣಲ್ಲ ಅವಂಗೆ. ಸುಟ್ಕಂಡು ಸಾಯ್ಲಿ ಅಂತ ಬಿಡ್ಲಾ? ನನ್ನ ರಕ್ತ ಕೆಟ್ಟಿದ್ದಕ್ಕೆ ಅವನ ಕಣ್ಣು ಹೋತು. ಅವನು ನನ್ನ ಕಣ್ಮುಂದೆ ಇರ್ಬೇಕು, ಅಷ್ಟೇ. ಅಂಗಡಿ ಹೋದ್ರೆ ಹೋತು.’

‘ಅವನು ಕೇಳಿದ್ದು ಒಂದೇ ಒಂದು ಅಂಗಡಿ ಅವ್ವಾ’ ಅಂದೆ. ಹಾಸಿಗೆ ಹಿಡಿದ ಮುದುಕಿಯ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

‘ಬೈದ್ರೆ ಬೈ. ಇವತ್ತು ಹಂಗೇ ಬಂದ್ರೂ ಹಂಗೇ ಮಾಡ್ತೀನಿ.’ ಆಮೇಲೆ ಬೇರೆ ದನಿಯಲ್ಲಿ ಹೇಳಿದಳು: ‘ಅವಂಗೂ ಗೊತ್ತೈತೆ. ಆವತ್ತಿಂದ ಅವನು ನನ್ನ ಅವ್ವ ಅಂದಿಲ್ಲ. ನಾನು ಇನ್ನೆಷ್ಟು ದಿನ ಇರ್ತೀನಿ? ಒಂದ್ಸಲ ಅನ್ನು ಅಂತ ಕೇಳಿ ನೋಡೆ.’

ಇಷ್ಟು ವರ್ಷ ಬಂದು ಹೋಗುತ್ತಿದ್ದ ನಾನು ಇದನ್ನು ಗಮನಿಸಿರಲಿಲ್ಲ. ಅವನ ಮಾತು ಕಡಿಮೆಯಾಗಿದೆ ಅಂದುಕೊಂಡಿದ್ದೆ, ಯಾವ ಮಾತು ಅಂತ ನೋಡಿರಲಿಲ್ಲ.

ಸಣ್ಣಣ್ಣ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ. ಅತ್ತಿಗೆ ಒಪ್ಪಿಸಿದ ಕೆಲಸ. ಪಕ್ಕದಲ್ಲಿ ಕುಳಿತು, ‘ನಿಂಗೆ ಯಾವಾಗ ಗೊತ್ತಾತು?’ ಅಂತ ಕೇಳಿದೆ. ಏನು ಅಂತ ಅವನು ಕೇಳಲಿಲ್ಲ.

‘ಹಿಂದೆ ಕೈ ಹಾಕ್ದಾಗ’ ಅಂದ. ‘ಅಪ್ಪಿತಪ್ಪಿ ಅಲ್ಲಿ ಕೂರ್ಸಿರ್ಬಹುದು ಅಂದ್ಕಂಡೆ. ಆದ್ರೆ ಫೋನು ಮೂರು ಸಲ ಬಂತಲ್ಲ. ಕಾರ್ಡು ಅಲ್ಲಿದ್ದಾಗ ಫೋನು ಬಂದ್ರೆ ಏನಾಗ್ತೈತೆ ಅಂತ ಗೊತ್ತಿದ್ದೋರು ನಾವು ಮೂರೇ ಜನ. ನೀನು ನನ್ನ ಹಿಂದೆ ನಿಂತಿದ್ದಿ.’

‘ತಂತಿ ಕೈಯಾಗೇ ಇತ್ತು. ಯಾಕ ಕೀಳ್ಲಿಲ್ಲ? ಅಂಗಡಿ ನಿಂದಾಗ್ತಿತ್ತು.’

ಅವನು ಒಂದು ಕಾಯಿ ಸುಲಿದು ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಹಾಕಿದ. ‘ಅಂಗಡಿ ತಗಂಡು ಏನು ಮಾಡ್ಲಿ? ಅವ್ಳು ಓದಿದ್ದನ್ನ ನಾನು ಹೊಡೀತಿದ್ದೆ. ಹಾಳೆ ಮೇಲೆ ಏನೈತೆ ಅಂತ ನಂಗೇನು ಗೊತ್ತು? ಅವ್ಳು ಹೇಳಿದ್ದೇ ನಿಜ ಅಂತ ಇಷ್ಟು ವರ್ಷ ಹೊಡ್ದೆ. ಅವ್ಳನ್ನೇ ನಂಬಂಗಿಲ್ಲ ಅಂದ್ಮೇಲೆ ಇನ್ಯಾರು ಓದಿದ್ದನ್ನ ನಂಬ್ಲಿ?’

ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಕಾಣದಿದ್ದರೂ ಅವನಿಗೆ ಕೇಳುತ್ತದೆ ಅಂತ ಮೂಗು ಏರಿಸಲಿಲ್ಲ. ‘ಅವ್ವ ಕೇಳ್ತಾಳೆ. ಒಂದೇ ಒಂದ್ಸಲ ಅವ್ವ ಅಂತ ಕರೀಬೇಕಂತೆ. ಬೈಯಾಕಾದ್ರೂ ಕರಿ ಅಣ್ಣಾ’ ಅಂದೆ.

‘ಅವ್ಳಿಗೆ ನಾನು ಕಣ್ಮುಂದೆ ಇರ್ಬೇಕಿತ್ತು’ ಅಂದ. ‘ಇದೀನಿ. ಅಷ್ಟೇ ಹೇಳು.’

ಇನ್ನೊಂದು ಮಾತಿಗೆ ಅವನು ಜಾಗ ಬಿಡಲಿಲ್ಲ. ಎದ್ದು ಒಳಗೆ ಬಂದೆ. ಅವ್ವ ಬಾಗಿಲ ಕಡೆಗೇ ಮುಖ ಮಾಡಿಕೊಂಡು ಮಲಗಿದ್ದಳು. ‘ಏನಂದ?’ ಅಂದಳು. ನಿದ್ದೆ ಮಾಡ್ತಿದ್ದಾನೆ ಅಂತ ಒಂದು ಸುಳ್ಳು ಹೇಳಬಹುದಿತ್ತು. ನಾನು ಹೇಳಲಿಲ್ಲ, ಅವನು ಹೇಳಿದ್ದನ್ನು ಅವನು ಹೇಳಿದಂತೆಯೇ ಹೇಳಿದೆ.

ಅವ್ವ ಮುಖವನ್ನು ಬಾಗಿಲಿನಿಂದ ಮೇಲಿನ ತೊಲೆಯ ಕಡೆಗೆ ತಿರುಗಿಸಿದಳು. ಆಮೇಲೆ, ‘ಉಂಡನಂತಾ?’ ಅಂತ ಕೇಳಿದಳು.